ಏರುರಸ್ತೆಯ ಕೆಂಪು ಕೊಡೆ

ಹುಣಸೆಮರದ ದಟ್ಟ ನೆರಳಿನಲ್ಲಿ ನಿಂತು ಭಾನುಪ್ರಿಯ ಕೆಂಪು ಕೊಡೆ ಬಿಚ್ಚಿದಳು. ಗಂಡ ಕೆಂಪರಾಜು ಎರಡು ಹೆಜ್ಜೆ ಹತ್ತಿರ ಸರಿದ. ಹಾಗಾದರೆ ತಾನು ಕೇಳಿಸಿಕೊಂಡದ್ದು ನಿಜ.

ನಿನ್ನೆ ಹಿಪ್ಪುನೇರಳೆ ಸೊಪ್ಪು ಹೊತ್ತು ರೇಷ್ಮೆ ಹುಳುಮನೆಗೆ ಬಂದವನಿಗೆ, ಗೋಡೆಯಾಚೆ ಹೆಂಡತಿ ಫೋನಿನಲ್ಲಿ ಪಿಸುಗುಟ್ಟುವುದು ಕೇಳಿಸಿತ್ತು. “ಬೈರಾಪಟ್ಟಣದ ಏರಲ್ಲಿ ನಿಂತಿರ್ತೀನಿ ಬಾವ. ಕೆಂಪು ಕೊಡೆ ನೋಡ್ಕೊ. ಬಿಚ್ಚಿದ್ರೆ ನಿಂಗೇ ಅರ್ಥ ಆಯ್ತದೆ. ನಮ್ಮನೆಯೋರಿಗೆ ಇನ್ನೂ ಏನೂ ಹೇಳಿಲ್ಲ.”

ಬಾವ ಎಂದರೆ ಸ್ವಾಮಿ. ತಿಪ್ಪಸಂದ್ರದವನು, ಅವಳ ಸೋದರತ್ತೆಯ ಮಗ. ಇವಳು ತೊಟ್ಟಿಲಲ್ಲಿದ್ದಾಗಲೇ ಅವನಿಗೆ ಎಂದು ಮಾತಾಗಿತ್ತು. ಓದು ಬಿಟ್ಟು ಸೈಕಲ್ ತುಳಿಯುತ್ತ ಊರೂರು ಅಲೆಯುವವನಿಗೆ ಮಗಳನ್ನು ಹೇಗೆ ಕೊಡುವುದೆಂದು ಅವಳಪ್ಪ ಅವಳನ್ನು ತಂದು ಕೆಂಪರಾಜುವಿಗೆ ಧಾರೆ ಎರೆದಿದ್ದ. ಈಗ ನೋಡಿದರೆ ಅದೇ ಸೈಕಲ್ಲಿಗೆ ಯಾವುದೋ ಕಂಪನಿ ಸಂಬಳ ಕೊಡುತ್ತದೆ, ಪೇಪರಿನಲ್ಲಿ ಫೋಟೊ ಬರುತ್ತದೆ. ಕೆಂಪರಾಜುವಿನ ಫೋಟೊ ಬಂದಿರುವುದು ಆಧಾರ್ ಕಾರ್ಡಿನಲ್ಲಿ ಮಾತ್ರ.

ರಾಮನಗರದಿಂದ ಹೊರಟು ಕನಕಪುರ ಸುತ್ತಿಕೊಂಡು ಚನ್ನಪಟ್ಟಣಕ್ಕೆ ಬರುವ, ಸ್ವಾಮಿಯೂ ಇರುವ ದೊಡ್ಡ ಸೈಕಲ್ ರೇಸು ತಮ್ಮೂರ ಮೇಲೇ ಹಾಯುತ್ತದೆಂದು ತಿಳಿದ ದಿನದಿಂದ ಭಾನುಪ್ರಿಯ ನಿಂತಲ್ಲಿ ನಿಂತಿರಲಿಲ್ಲ, ಕೂತಲ್ಲಿ ಕೂತಿರಲಿಲ್ಲ. ಮನೆಯವರೆಲ್ಲ ನೋಡಲು ಹೋಗೋಣ ಎಂದವಳು ಅವಳು. ಏರಿನಲ್ಲಿ ಸೈಕಲ್ಲುಗಳು ನಿಧಾನವಾಗುತ್ತವೆ ಎಂದು ಈ ಜಾಗ ಆರಿಸಿದವಳೂ ಅವಳೇ. ಗಂಡನ ಜೊತೆ ಚನ್ನಪಟ್ಟಣದ ಸಂತೆಗೆ ಬಾ ಎಂದರೆ ತಲೆನೋವು ಎನ್ನುವವಳು ಇವತ್ತು ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು ತಯಾರಾಗಿದ್ದಳು.

“ಸೈಕಲ್ ತುಳಿಯಾಕೂ ಸಂಬಳ ಕೊಟ್ಟಾರಾ?” ಅವ್ವ ಸರಸಮ್ಮ ರಸ್ತೆಬದಿಯ ಕಲ್ಲಿನ ಮೇಲೆ ಕೂತು ಎಲೆಅಡಿಕೆ ಮಡಿಸುತ್ತಿದ್ದಳು. “ನಿಮ್ಮಪ್ಪ ಹಾಲಿನ ಕ್ಯಾನ್ ಕಟ್ಕೊಂಡು ಜನ್ಮೆಲ್ಲ ತುಳುದ್ರು. ಒಬ್ರೂ ಚಪ್ಪಾಳೆ ತಟ್ನಿಲ್ಲ.”

ತಂಗಿ ರಾಧಾಮಣಿ ಮಾತ್ರ ಅತ್ತಿಗೆಯ ಪಕ್ಕ ಬಿಟ್ಟು ಅಲ್ಲಾಡಿರಲಿಲ್ಲ.

“ಇಲ್ಲಿ ನೆರಳೈತಲ್ಲ ಅತ್ಗೆ. ಕೊಡೆ ಮುಚ್ಚು.”

“ಇರ್ಲಿ ಬುಡು.”

“ಹಿಂದೆ ನಿಂತಿರೋರಿಗೆ ಏನೂ ಕಾಣಾಕಿಲ್ಲ. ಮುಚ್ಚು ಅತ್ಗೆ.”

ಭಾನುಪ್ರಿಯ ಕಿವಿಗೆ ಹಾಕಿಕೊಳ್ಳದೆ ರಸ್ತೆಯ ತಿರುವನ್ನೇ ನೋಡುತ್ತಿದ್ದಳು. ರಾಧಾಮಣಿಯ ಮುಖ ಸಣ್ಣದಾಯಿತು. ತಂಗಿಗೂ ವಿಷಯ ಗೊತ್ತು, ಅತ್ತಿಗೆಯ ಮಾನ ಉಳಿಸಲು ಪಾಪ ಒದ್ದಾಡುತ್ತಿದ್ದಾಳೆ ಎಂದುಕೊಂಡ ಕೆಂಪರಾಜು. ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ಹೆಂಡತಿ ತನ್ನನ್ನು ಬಿಟ್ಟು ಹೋದರೆ ತಾನು ಬದುಕುವುದು ಹೇಗೆಂದು ಅವನಿಗೆ ತಿಳಿಯದು.

“ಯಾರನ್ನ ಕಾಯ್ತಾ ಇದ್ದೀಯ?” ಎಂದ.

“ರೇಸು ನೋಡಾಕಲ್ವಾ ಬಂದಿರದು? ಇನ್ಯಾರನ್ನ ಕಾಯ್ಲಿ?” ಅವನತ್ತ ತಿರುಗದೆಯೇ ಹೇಳಿದಳು.

ಸೈರನ್ ಹಾಕಿಕೊಂಡು ಪೊಲೀಸ್ ಬೈಕು ಬಂತು. ಅದರ ಹಿಂದೆ ಏರು ಹತ್ತುತ್ತ ಸೈಕಲ್ಲುಗಳು. ಮುಂದಿನ ಗುಂಪಿನಲ್ಲಿದ್ದ ನೀಲಿ ಅಂಗಿಯ ಸ್ವಾಮಿ ತಲೆಯೆತ್ತಿ ರಸ್ತೆಬದಿಯ ಜನರಲ್ಲಿ ಏನನ್ನೋ ಹುಡುಕುತ್ತಿದ್ದ. ಭಾನುಪ್ರಿಯ ಕೊಡೆಯನ್ನು ಇನ್ನೂ ಮೇಲಕ್ಕೆತ್ತಿದಳು.

ಕೆಂಪರಾಜು ಅದನ್ನು ಕಿತ್ತುಕೊಂಡ. ಫಟ್ಟನೆ ಮುಚ್ಚಿ, ಎಲ್ಲರಿಗೂ ಕಾಣುವ ಹಾಗೆ ಎದೆಗೆ ಅಡ್ಡ ಹಿಡಿದು ನಿಂತ.

“ಕೊಡಿ ಇಲ್ಲಿ.” ಅವಳು ಕೈ ಚಾಚಿದಳು. “ನಿಮ್ಮ ಕಾಲಿಗೆ ಬೀಳ್ತೀನಿ, ಕೊಡಿ.”

ಕೆಂಪರಾಜು ಕೊಡಲಿಲ್ಲ. ಸ್ವಾಮಿ ಅವಳನ್ನು ನೋಡಿದ, ಮುಚ್ಚಿದ ಕೊಡೆಯನ್ನು ನೋಡಿದ. ಸೀಟಿನಿಂದ ಎದ್ದು ನಿಂತು, ಇಳಿಜಾರಿನಲ್ಲಿ ಹೋಗುವವನ ಹಾಗೆ ಏರನ್ನು ತುಳಿದು ಮರೆಯಾದ. ನನ್ನ ಮುಖ ಕಂಡು ಹೆದರಿ ಓಡಿದ ಎಂದು ಕೆಂಪರಾಜು ಮೀಸೆಯ ಮೇಲೆ ಕೈಯಾಡಿಸಿದ.

ಭಾನುಪ್ರಿಯ ಕಣ್ಣಿಗೆ ಧೂಳು ಬಿತ್ತೆಂದು ಸೆರಗಿನಲ್ಲಿ ಒರೆಸಿಕೊಂಡಳು. ಮನೆಗೆ ಬಂದವಳು ಸೀದಾ ಅಡುಗೆಮನೆ ಸೇರಿದಳು. ರಾಧಾಮಣಿಯೇ ಅಣ್ಣನಿಗೆ ಮುದ್ದೆ ಬಡಿಸಿ, ಕೇಳದೆಯೇ ಎರಡು ಸಲ ತುಪ್ಪ ಹಾಕಿದಳು.

ಊಟ ಮುಗಿಯುವಷ್ಟರಲ್ಲಿ ಫೋನು ಬಂತು. ಸ್ವಾಮಿಯ ತಾಯಿ ನಾಗಲಕ್ಷ್ಮಮ್ಮ.

“ಅಳಿಯಂದ್ರೇ, ಕೊಡೆ ಮುಚ್ಚಿತ್ತಂತೆ. ಸ್ವಾಮಿ ಈಗ ಹೇಳ್ದ. ನಂಗೆ ಬಾಳ ಸಂತೋಸ ಆಯ್ತು. ಬರೋ ಸೋಮವಾರ ತಾಂಬೂಲ ತತ್ತೀವಿ.”

“ಯಾವ ತಾಂಬೂಲ?”

“ಭಾನು ಹೇಳ್ನಿಲ್ವಾ? ನಿಮ್ಮ ರಾಧಾನ ಸ್ವಾಮಿಗೆ ತಂದ್ಕೊಳ್ಳೋ ಆಸೆ ನಮ್ಗೆ. ನೆಂಟ್ರೊಳಗೆ ಬಾಯ್ಬುಟ್ಟು ಬ್ಯಾಡ ಅಂದ್ರೆ ಮನಸ್ಸು ಮುರೀತದೆ. ಅದ್ಕೇ ಗಂಡಸ್ರ ಕಿವಿಗೆ ಬೀಳೋಕ್ ಮುಂಚೆ ಹುಡುಗಿ ಮನಸ್ಸು ತಿಳ್ಕೊ ಅಂತ ಭಾನುಗೆ ಹೇಳಿದ್ದೆ. ಹುಡುಗಿಗೆ ಇಷ್ಟ ಇಲ್ದಿದ್ರೆ ಕೊಡೆ ಬಿಚ್ಕೊಂಡು ನಿಂತಿರ್ತೀನಿ, ಒಪ್ಪಿದ್ರೆ ಮುಚ್ಚಿರ್ತೀನಿ ಅಂದಿದ್ಲು.”

ಕೆಂಪರಾಜುವಿನ ಎದೆ ಹಗುರಾಯಿತು. ಮರುಗಳಿಗೆಯೇ ನಾಚಿಕೆಯಿಂದ ಕುಗ್ಗಿಹೋದ. ಬಂಗಾರದಂಥ ಹೆಂಡತಿಯ ಮೇಲೆ ಇಲ್ಲದ ಅನುಮಾನಪಟ್ಟಿದ್ದ. ಅದು ಸಾಲದೆಂದು ಮನಸ್ಸಿಲ್ಲದ ತಂಗಿಯನ್ನು ಮದುವೆಗೆ ಸಿಕ್ಕಿಸಿಬಿಟ್ಟಿದ್ದ. ಅಡುಗೆಮನೆಗೆ ಹೋದ. ಭಾನುಪ್ರಿಯ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಬಾಗಿಲ ಹತ್ತಿರ ರಾಧಾಮಣಿ ನಿಂತಿದ್ದಳು.

“ತಪ್ಪು ನಂದು ಕಣವ್ವ ರಾಧಾ. ಗೊತ್ತಿಲ್ದೆ ಕೊಡೆ ಮುಚ್ಬುಟ್ಟೆ. ನಿಂಗೆ ಮನಸ್ಸಿಲ್ಲ ಅಂತ ಈಗ್ಲೇ ಅವ್ರಿಗೆ ಫೋನ್ ಮಾಡಿ ಹೇಳ್ಬುಡ್ತೀನಿ.”

ರಾಧಾಮಣಿ ಅತ್ತಿಗೆಯ ಬೆನ್ನನ್ನೇ ನೋಡುತ್ತ ಮೆಲ್ಲಗೆ ಹೇಳಿದಳು: “ನಂಗೆ ಒಪ್ಪಿಗೆ ಅಂತ ಹೋದ ವಾರನೇ ಅತ್ಗೆಗೆ ಹೇಳಿದ್ದೆ ಕಣಣ್ಣ.”