ಇಬ್ಬರಿಗಷ್ಟೇ ಗೊತ್ತಿದ್ದದ್ದು

"ಏಳು ಪರ್ಸೆಂಟು," ಎಂದ ತಾವಿತ.

ಮೇಜಿನ ಈಚೆ ಬದಿಯಲ್ಲಿದ್ದ ಪೆಸಮಿನೊ ಕುಳಿತಲ್ಲೇ ಸೆಟೆದುಕೊಂಡ. ನೀರು ಸರಬರಾಜು ನೌಕರರ ಸಂಘಕ್ಕೆ ಅವನು ಅಧ್ಯಕ್ಷ. ಹೊಸ ಒಪ್ಪಂದದಲ್ಲಿ ಸಂಘ ಕೇಳಿದ್ದು ಶೇಕಡಾ ಹನ್ನೆರಡರ ವೇತನ ಏರಿಕೆ. ಕಡೆಗೆ ಏಳಕ್ಕೆ ಇಳಿಯಬಹುದೆಂದು ಅವನೂ ಕಾರ್ಯದರ್ಶಿ ಫಿಯಾಸಿಲಿಯೂ ಹಿಂದಿನ ದಿನವಷ್ಟೇ ಬಾಗಿಲು ಹಾಕಿಕೊಂಡು ತೀರ್ಮಾನಿಸಿದ್ದರು. ಸರ್ಕಾರದ ಪರವಾಗಿ ಬಂದಿದ್ದ ತಾವಿತ ಐದರಿಂದ ಆರಂಭಿಸಲಿಲ್ಲ, ಚೌಕಾಸಿಗೂ ಇಳಿಯಲಿಲ್ಲ. ನೇರವಾಗಿ ಏಳು ಎಂದ.

ಒಂದು ಸಲವಾದರೆ ಆಕಸ್ಮಿಕ ಎನ್ನಬಹುದು. ಮನೆಯಲ್ಲಿ ಸಾವಾದಾಗ ಕೊಡುವ ರಜೆಯ ವಿಷಯದಲ್ಲೂ ಹೀಗೆಯೇ ಆಗಿತ್ತು. ಹತ್ತು ದಿನ ಕೇಳಿ, ಐದು ಸಿಕ್ಕರೆ ಸಾಕೆಂದು ಇಬ್ಬರೂ ಮನಸ್ಸಿನಲ್ಲಿಟ್ಟುಕೊಂಡಿದ್ದರು. ತಾವಿತ ಮುಂದಿಟ್ಟದ್ದು ಐದನ್ನೇ.

"ನಮ್ಮ ಜನ ಇದಕ್ಕೆ ಒಪ್ಪಲ್ಲ," ಎಂದ ಪೆಸಮಿನೊ.

"ಒಪ್ತಾರೆ ಬಿಡಿ, ಯಜಮಾನ್ರೇ. ನಿಮ್ಮಷ್ಟು ಮನಸ್ಸು ಬಿಚ್ಚಿ ಮಾತಾಡೋರನ್ನ ನಾನು ಎಲ್ಲೂ ನೋಡಿಲ್ಲ." ತಾವಿತ ಕಾಗದಗಳನ್ನು ಜೋಡಿಸಿಕೊಂಡು ಎದ್ದ. ಅವನ ಕಣ್ಣು ಮಾತ್ರ ಪೆಸಮಿನೊನ ಮುಖವನ್ನು ತಪ್ಪಿಸಿತು.

ಫಿಯಾಸಿಲಿ ತಲೆ ತಗ್ಗಿಸಿದ್ದಳು. ಪೆಸಮಿನೊ ಅದನ್ನು ಗಮನಿಸಿದ.

ಉಳಿದದ್ದು ಮುಷ್ಕರದ ಬೆದರಿಕೆ. ಸದಸ್ಯರ ಗುಪ್ತ ಮತದಾನ ಮುಗಿದಿತ್ತು. ಚೀಟಿಗಳನ್ನು ಎಣಿಸಿದವರೂ ಅವರಿಬ್ಬರೇ. ಫಲಿತಾಂಶ ನಾಚಿಕೆಪಡುವಂತಿತ್ತು. ಹೆಚ್ಚಿನವರಿಗೆ ಮುಷ್ಕರ ಬೇಡವಾಗಿತ್ತು.

"ಇದು ನಮ್ಮಿಬ್ಬರಲ್ಲೇ ಇರ್ಲಿ, ತಂಗಿ. ಜನ ಸಿದ್ಧವಾಗಿದ್ದಾರೆ ಅಂತಲೇ ನಾಳೆ ಹೇಳೋಣ."

"ನಾನ್ಯಾರಿಗೆ ಹೇಳ್ಲಿ, ಯಜಮಾನ್ರೇ? ಮನೇಲಿರೋದು ಅಪ್ಪ, ನಾಯಿ. ಅಪ್ಪನಿಗೆ ಕಿವಿ ಕೇಳ್ಸಲ್ಲ. ನಾಯಿ ಸಂಘದ ಸದಸ್ಯ ಅಲ್ಲ."

ಅವನು ನಗಲಿಲ್ಲ.

ಸಂಜೆ ಊರಿನಲ್ಲಿ ಶಂಖ ಮೊಳಗಿತು. ಪ್ರಾರ್ಥನೆಯ ಹೊತ್ತಿನಲ್ಲಿ ಆ ಊರಿನೊಳಗೆ ಕೋಳಿಯನ್ನೂ ಯಾರೂ ಅಟ್ಟುತ್ತಿರಲಿಲ್ಲ. ಆ ಶಿಸ್ತು ಊರ ಹಿರಿಯನಾಗಿ ಪೆಸಮಿನೊ ತಂದದ್ದು. ಅವನು ಮನೆಯ ಕಂಬಗಳ ನಡುವೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಬಹಳ ಹೊತ್ತು, ಗಟ್ಟಿ ದನಿಯಲ್ಲಿ ಪ್ರಾರ್ಥಿಸಿದ. ಮುಗಿದಾಗ ಹೆಂಡತಿ ಮಾತಲೇನಾ ಬೇಯಿಸಿದ ಕೆಸುವಿನ ಗೆಡ್ಡೆಯನ್ನೂ ಮೀನನ್ನೂ ಮುಂದಿಟ್ಟಳು.

"ದೇವರಿಗೂ ಮನೆಮಠ ಇರುತ್ತೆ ಕಣ್ರೀ. ಇಷ್ಟುದ್ದ ಕೂರಿಸ್ಕೊಂಡ್ರೆ ಹೇಗೆ? ಮೀನು ಆರಿಹೋಯ್ತು."

"ಇವತ್ತೊಂದು ಬೇಡಿಕೆ ಜಾಸ್ತಿ ಇತ್ತು. ನಮ್ಮೊಳಗಿನ ದ್ರೋಹಿ ಯಾರು ಅಂತ ತೋರ್ಸು ಅಂದೆ."

ಮರುದಿನ ಅವನು ಮೇಜು ಗುದ್ದಿ ಮುಷ್ಕರದ ಮಾತೆತ್ತಿದ. ತಾವಿತ ಲೇಖನಿಯ ಮುಚ್ಚಳ ಹಾಕಿದ.

"ಮಾಡಿ," ಎಂದ ಮೆಲ್ಲಗೆ. "ಎಷ್ಟು ಜನ ಬರ್ತಾರೋ ನೋಡೋಣ."

ಲೆಕ್ಕ ಸರಳವಾಗಿತ್ತು. ಗುಟ್ಟು ತಿಳಿದವರು ಇಬ್ಬರು. ಒಬ್ಬ ತಾನು. ಉಳಿದವಳು ಒಬ್ಬಳು. ಅದೇ ಮಧ್ಯಾಹ್ನ ಸಂಘದ ಸಭೆಯಲ್ಲಿ ಅವನು ಆ ಲೆಕ್ಕವನ್ನು ಎಲ್ಲರ ಮುಂದೆ ಬಿಡಿಸಿ ತೋರಿಸಿದ.

"ಹೋದ ವಾರ ಇವಳು ತಾವಿತನ ಕಾರಿಂದ ಇಳಿದದ್ದನ್ನ ನಾನೇ ಕಂಡೆ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಮಳೆ ಬರ್ತಿತ್ತು. ಬಸ್ಸಿರಲಿಲ್ಲ," ಎಂದಳು ಫಿಯಾಸಿಲಿ.

"ಸರ್ಕಾರಿ ಸೀಟು ಮೆತ್ತಗಿತ್ತಾ, ತಂಗಿ? ಏಳು ಪರ್ಸೆಂಟಿನಷ್ಟಾದ್ರೂ ಮೆತ್ತಗಿತ್ತಾ?" ಎಂದಿತು ಹಿಂದಿನ ಅದೇ ದನಿ.

ಸಭೆ ನಕ್ಕಿತು. ಅವಳು ಅಧ್ಯಕ್ಷನ ಕಡೆಗೆ ಮಾತ್ರ ನೋಡಿದಳು.

"ನಾನು ಬಾಯಿ ಬಿಟ್ಟಿಲ್ಲ, ಯಜಮಾನ್ರೇ. ನೀವೇ ಎಲ್ಲಾದ್ರೂ ಹೇಳಿದ್ರಾ, ನೆನಪು ಮಾಡ್ಕೊಳ್ಳಿ."

"ನಾನಾ? ನರಮನುಷ್ಯರ ಹತ್ರ ಒಂದಕ್ಷರ ಆಡಿಲ್ಲ!"

ಅದು ಅವನಿಗೆ ಅಕ್ಷರಶಃ ಸತ್ಯವಾಗಿತ್ತು. ಆ ಸಂಜೆಯೊಳಗೆ ಫಿಯಾಸಿಲಿ ಕಾರ್ಯದರ್ಶಿಯಾಗಿ ಉಳಿಯಲಿಲ್ಲ.

ಬೆಳಗಾದಾಗ ಅವಳ ಕಡೆಯವರು ಪೆಸಮಿನೊನ ಅಂಗಳದ ಹುಲ್ಲಿನ ಮೇಲೆ ಕುಳಿತಿದ್ದರು. ಮುಂದೆ ಮುದಿ ತಂದೆ, ಪಕ್ಕದಲ್ಲಿ ಫಿಯಾಸಿಲಿ, ಹಿಂದೆ ಚಿಕ್ಕಪ್ಪಂದಿರು. ಎಲ್ಲರ ತಲೆಯೂ ನೆಲದತ್ತ ಬಾಗಿತ್ತು. ಮನೆತನದ ಅತ್ಯಂತ ನಯವಾದ ಚಾಪೆಯನ್ನು ಅವರು ತಲೆಯ ಮೇಲೆ ಹೊದ್ದಿದ್ದರು. ಅಲ್ಲಿನ ರೂಢಿಯಂತೆ, ನೊಂದವನು ಬಂದು ಆ ಚಾಪೆ ಎತ್ತಿದರೆ ಕ್ಷಮೆ. ಎತ್ತುವವರೆಗೂ ಅವರು ಏಳುವಂತಿಲ್ಲ. ಮಗಳು ತಪ್ಪು ಮಾಡಿಲ್ಲವೆಂದು ತಂದೆಗೆ ಸನ್ನೆಯಲ್ಲಿ ಹೇಳಿ ಹೇಳಿ ಸೋತಿದ್ದಳು. ಇಡೀ ಊರು ಹೇಳುತ್ತಿರುವಾಗ ಮುದುಕನಿಗೆ ಬೇರೆ ದಾರಿ ಇರಲಿಲ್ಲ.

ಬಿಸಿಲೇರಿತು. ಮುದುಕನ ಬೆನ್ನು ನಡುಗತೊಡಗಿತು.

"ಹೋಗಿ ಎತ್ತಿ, ರೀ," ಎಂದಳು ಮಾತಲೇನಾ. "ನಿಮ್ಮಪ್ಪನ ವಯಸ್ಸಿನವರು. ಬೇಯ್ತಾ ಇದ್ದಾರೆ."

"ಬೇಯ್ಲಿ. ಸಾವಿರ ಮನೆಗಳ ಅನ್ನ ಮಾರಿದ್ದಾಳೆ." ಅವನು ಕಂಬಕ್ಕೊರಗಿ ಮತ್ತೊಂದು ಲೋಟ ಚಹಾ ಕೇಳಿದ. ಅಕ್ಕಪಕ್ಕದ ಮನೆಗಳವರೂ ಅವನು ಏಳುವುದನ್ನೇ ಕಾಯುತ್ತಿದ್ದರು.

ಅಷ್ಟರಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಲು ತಾವಿತ ಬಂದ. ಕಾರಿಳಿದವನು ಚಾಪೆಯನ್ನು ಕಂಡು ಗಕ್ಕನೆ ನಿಂತ.

"ಯಾರ ತಪ್ಪಿಗೆ ಇದು?"

"ನಿನಗೆ ಗುಟ್ಟು ಮುಟ್ಟಿಸಿದವಳದ್ದು," ಎಂದ ಪೆಸಮಿನೊ. "ನೀನೇ ಹೇಳು, ಎಲ್ಲರ ಮುಂದೆ."

ತಾವಿತ ಅಂಗಳದ ಅಂಚಿಗೆ ಬಂದ. ಅವನು ಚಪ್ಪಲಿ ಕಳಚಿದ. ಹುಲ್ಲಿನ ಮೇಲೆ ಬಂದು, ಫಿಯಾಸಿಲಿಯ ಪಕ್ಕದಲ್ಲಿ ಮಂಡಿಯೂರಿ, ತಾನೂ ತಲೆ ಬಗ್ಗಿಸಿದ.

"ಇವಳು ಏನೂ ಹೇಳಿಲ್ಲ, ಯಜಮಾನ್ರೇ. ನಾನು ಪಕ್ಕದೂರಿನೋನು. ದಿನಾ ಸಂಜೆ ಶಂಖ ಊದಿದ ತಕ್ಷಣ ನಿಮ್ಮೂರ ಹುಡುಗ್ರು ರಸ್ತೆಗೆ ಅಡ್ಡ ನಿಂತು ನನ್ನ ಕಾರನ್ನ ಇಲ್ಲೇ ತಡೀತಾರೆ; ನಿಮ್ಮ ಮನೆಗೆ ಗೋಡೆ ಇಲ್ಲ, ನನಗೆ ಅಲುಗಾಡೋ ಹಾಗಿಲ್ಲ, ನೀವು ದೇವರಿಗೆ ಒಪ್ಪಿಸಿದ್ದನ್ನೆಲ್ಲ ಕೊನೇವರೆಗೂ ಕೇಳಿಸ್ಕೊಂಡೇ ನಾನು ಮನೆಗೆ ಹೋಗ್ಬೇಕು."