ಒದ್ದೆ ಬಟ್ಟೆ ಮುಚ್ಚಿದ ರೊಟ್ಟಿ

ಭಾನುವಾರ ಇಡೀ ವಾರದ ಪಲ್ಯ ಮಾಡಿ ಡಬ್ಬಿಗೆ ತುಂಬುವಾಗ ಎಲ್ಲಿ ಕೆಡುತ್ತದೋ ಎಂದು ಒಂದೊಂದನ್ನೂ ಮೂರು ಸಲ ಮೂಸುವ ನನ್ನ ಮೂಗಿಗೆ, ಒದ್ದೆಯಾದ ಜೋಳದ ರೊಟ್ಟಿಯ ವಾಸನೆ ಈಗಲೂ ಬರುತ್ತದೆ.

ನಾನು ಸಣ್ಣವಳಿದ್ದಾಗ ಒಮ್ಮೆ ಅಪ್ಪ ಮರುದಿನ ಕುರಿ ಹೊಡೆದುಕೊಂಡು, ಕುರಿನಾಯಿಯನ್ನೂ ಕರೆದುಕೊಂಡು ಸೊರಡಿಯ ಅಡವಿಯ ಕಡೆ ಎಂಟು ದಿನಕ್ಕೆ ಹೊರಡುವವನಿದ್ದ. ಅವ್ವ ಬೆಳಗಿನಿಂದ ರೊಟ್ಟಿ ಬಡಿದು, ಒಲೆಯ ಸುತ್ತ ನಿಲ್ಲಿಸಿ, ಹಪ್ಪಳದಂತೆ ಗರಿಗರಿಯಾಗಿ ಒಣಗಿಸಿ ಬುಟ್ಟಿಯಲ್ಲಿ ಪೇರಿಸಿದ್ದಳು. ಪಕ್ಕದಲ್ಲಿ ಶೇಂಗಾ ಚಟ್ನಿಯ ಗಂಟು. ನನಗಾಗ ಏಳು ವರ್ಷ. ಚಿಂತೆ ಮಾತ್ರ ಎಪ್ಪತ್ತರ ಮುದುಕಿಯದು. ಅಪ್ಪನ ಮುಂದಿನ ಹಲ್ಲೊಂದು ಅಲುಗಾಡುತ್ತಿತ್ತು. ಇಷ್ಟು ಗಟ್ಟಿ ರೊಟ್ಟಿ ಕಡಿಯಲಾಗದೆ ಅವನು ಅಡವಿಯಲ್ಲಿ ಉಪವಾಸ ಬಿದ್ದರೆ? ಮಧ್ಯಾಹ್ನ ಅವ್ವ ನೀರಿಗೆ ಹೋದದ್ದೇ ತಡ, ಧೋತರದ ತುಂಡೊಂದನ್ನು ತೋಯಿಸಿ ರೊಟ್ಟಿಯ ಮೇಲೆ ಹೊದಿಸಿಬಿಟ್ಟೆ.

ಅವ್ವ ಬಂದು ಬಟ್ಟೆ ತೆಗೆದಾಗ ರೊಟ್ಟಿಗಳು ಹಳೇ ಚಪ್ಪಲಿಯಂತೆ ಜೋತುಬಿದ್ದವು.

“ಅಯ್ಯ ನಮ್ಮವ್ವಾ! ಎರಡ ದಿನಕ್ಕ ಬೂಷ್ಟ ಹಿಡೀತಾವಲ್ಲ! ಬರ್ರಿ ಇಲ್ಲಿ, ನಿಮ್ಮ ಮಗಳ ಶಾಣ್ಯಾತನ ನೋಡ್ರಿ!”

“ಅಪ್ಪನ ಹಲ್ಲ...” ಎಂದು ನಾನು ಅಳತೊಡಗಿದೆ.

ಅಪ್ಪ ಒಂದು ರೊಟ್ಟಿಯನ್ನು ಎತ್ತಿ ನೋಡಿದ. “ಬೈಬ್ಯಾಡ ಬಿಡ. ಇವನ್ನೂ ಕಟ್ಟು, ಮೊದಲ ಇವನ್ನ ತಿಂತೀನಿ. ಮತ್ತೊಂದಿಷ್ಟ ಕಡಕ ಮಾಡಿ ಕೊಡು.” ಅವ್ವ ಗೊಣಗುತ್ತಲೇ ಮತ್ತೆ ಒಲೆ ಹೊತ್ತಿಸಿದಳು.

ಎಂಟು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ತಿರುಗಿ ಬಂದ ಅಪ್ಪನನ್ನು ಬಾಗಿಲಲ್ಲೇ ತಡೆದು, ನನ್ನ ರೊಟ್ಟಿ ಏನಾದವು ಎಂದು ಕೇಳಿದೆ.

“ನಿನ್ನ ರೊಟ್ಟಿ ಭಾಳ ಚಲೋ ಇದ್ವು, ನನ್ನವ್ವ. ಒಂದೂ ಉಳೀಲಿಲ್ಲ,” ಎಂದು ಅಪ್ಪ ನಕ್ಕ. ಆ ಹಲ್ಲಿನ ಜಾಗ ಖಾಲಿಯಾಗಿತ್ತು. ಅವನ ಹಿಂದೆ ಬಂದ ಕುರಿನಾಯಿ ಮಾತ್ರ ದುಂಡುದುಂಡಗಾಗಿತ್ತು.