ಮುಷ್ಟಿಯೊಳಗಿನ ಗಂಟು

ಆಸ್ಪತ್ರೆಯವರು ಕರುಳಿಗಂಟಿದ ಕೊಬ್ಬಿನಲ್ಲಿ ಗಂಟು ಹುಡುಕುವ ಕೆಲಸವನ್ನು ರೋಗಿಯ ಮನೆಯವರಿಗೇ ಬಿಟ್ಟು ಎಷ್ಟೋ ಕಾಲವಾಗಿತ್ತು. ಮೌನೇಶನ ಅಕ್ಕ ಇನ್ನೂ ಆಪರೇಷನ್ನಿನ ಮಂಪರಿನಲ್ಲಿದ್ದಳು. ಅವಳ ಹೊಟ್ಟೆಯಿಂದ ಕತ್ತರಿಸಿ ತೆಗೆದ ಕರುಳು ಟ್ರೇಯಲ್ಲಿ ಬಂದಾಗ ಮೌನೇಶ ಕೈಗವಸು ಹಾಕಿಕೊಂಡು ಭಾವನ ಪಕ್ಕ ಕೂತ. ಸುತ್ತಲಿನ ಮೇಜುಗಳಲ್ಲಿ ಬೇರೆ ಮನೆಯವರು ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ಹರಟುತ್ತ ಕೊಬ್ಬು ಹಿಸುಕುತ್ತಿದ್ದರು. ಸಿಕ್ಕ ಗಂಟುಗಳನ್ನು ತಟ್ಟೆಗೆ ಹಾಕಿದರೆ ಯಂತ್ರ ನೋಡಿ ಹೇಳುತ್ತದೆ. ಒಂದರಲ್ಲಿ ಕ್ಯಾನ್ಸರ್ ಇದ್ದರೂ ಮೂರನೇ ಹಂತ, ಆರು ತಿಂಗಳು ಇಲ್ಲೇ ಔಷಧಿ. ಇಲ್ಲದಿದ್ದರೆ ಸೀದಾ ಮನೆಗೆ.

ಭಾವನ ಬೆರಳು ಒಂದು ಕಡೆ ತಡೆದು ನಿಂತಿತು. ಏನನ್ನೋ ಕಿತ್ತು ಮುಷ್ಟಿ ಮುಚ್ಚಿಕೊಂಡ.

"ತಟ್ಟಿಗೆ ಹಾಕ್ರಿ, ಭಾವಾ."

"ಬರೇ ಕೊಬ್ಬೋ ಮಾರಾಯ. ಆಕಿ ಆರು ತಿಂಗಳು ಇಲ್ಲೇ ಬಿದ್ರ ಮನ್ಯಾಗ ರೊಟ್ಟಿ ಬಡಿಯೋರು ಯಾರು?"

"ಔಷಧಿ ಇಲ್ದ ಸತ್ರ ಯಾರು ಬಡೀತಾರ?"

ಮೌನೇಶ ಅವನ ಮಣಿಕಟ್ಟು ತಿರುಚಿ ಮುಷ್ಟಿ ಬಿಡಿಸಿದ. ಕಡಲೆಕಾಳಿನಷ್ಟು ಗಟ್ಟಿ ಗಂಟೊಂದು ತಟ್ಟೆಗೆ ಬಿತ್ತು. ಯಂತ್ರ ತಡಮಾಡಲಿಲ್ಲ, "ಮೂರನೇ ಹಂತ" ಎಂದಿತು.

"ನನ್ನ ಸಂಸಾರ ಹಾಳು ಮಾಡಿದಿ," ಎಂದ ಭಾವ.

"ಇಷ್ಟೊತ್ತು ಹೆಂಡ್ತಿ ಕರುಳು ನಾದೀದಿ. ಕೈ ಪಳಗ್ಯಾವ," ಎಂದ ಮೌನೇಶ. "ಮನಿಗೆ ಹೋಗಿ ಹಿಟ್ಟು ನಾದು."